ಇಪ್ಪತ್ತೊಂದರ ನಡುವಿನ ಮೌನ

— ಯಾಕೆ ಪುಟ್ಟಿ, ಮುಖ ಇಷ್ಟು ಬಾಡಿದೆ? ಕೆಂಗೇರಿಯಿಂದ ನಿಂತುಕೊಂಡೇ ಬಂದೆಯಾ?

— ಮೆಜೆಸ್ಟಿಕ್‌ವರೆಗೆ ಸೀಟಿತ್ತು ದೊಡ್ಡಪ್ಪ. ಗ್ರೀನ್ ಲೈನಿಗೆ ಬದಲಾಯಿಸಿದ ಮೇಲೆ ನಿಂತೆ, ಅಷ್ಟೇ. ವಿಷಯ ಅದಲ್ಲ. ಬಸವೇಶ್ವರನಗರದ ಒಂದು ಕ್ಲಿನಿಕ್‌ಗೆ ಟೋಕನ್ ಕರೆಯೋ ಪ್ರೋಗ್ರಾಂ ಬರೀತಿದ್ದೀನಿ ಅಂದಿದ್ದೆನಲ್ಲ, ಅದನ್ನ ಸೋಮವಾರ ಹಾಕಿಕೊಟ್ಟೆ. ಮಾನ ಹೋಯ್ತು.

— ಕೆಟ್ಟು ನಿಂತಿತಾ?

— ಕೆಟ್ಟಿದ್ದರೆ ಪರವಾಗಿರಲಿಲ್ಲ. ರಿಸೆಪ್ಷನ್ ಅಕ್ಕ 'ಮುಂದಿನವರು' ಬಟನ್ ಒತ್ತಿದರೆ ಗಂಟೆ ಹೊಡೆಯುತ್ತೆ, ನಂಬರ್ ಕರೆಯುತ್ತೆ, ಎಲ್ಲ ಸರಿ. ಆದರೆ ಅಷ್ಟು ಹೊತ್ತೂ ಪರದೆ ಕಲ್ಲಿನ ಹಾಗೆ ನಿಂತುಬಿಡುತ್ತೆ. ಬಟನ್ ಒಳಗೆ ಹೋಗಲ್ಲ, ನಂಬರ್ ಬದಲಾಗಲ್ಲ. ಒತ್ತಿದ್ದು ತಗೊಂಡಿಲ್ಲ ಅಂತ ಅವರು ಇನ್ನೆರಡು ಸಲ ಒತ್ತಿದ್ದಾರೆ. ಹದಿನಾಲ್ಕು ಕರೀತು, ಅದರ ಹಿಂದೆಯೇ ಹದಿನೈದು, ಅದರ ಹಿಂದೆ ಹದಿನಾರು. ಮೂರು ಜನ ಒಟ್ಟಿಗೆ ಡಾಕ್ಟರ ಬಾಗಿಲಲ್ಲಿ.

— ಯಾರು ಮೊದಲು ಒಳಗೆ ಹೋದರು?

— ನಗಬೇಡಿ ದೊಡ್ಡಪ್ಪ.

— ಇಲ್ಲಮ್ಮ, ನಗಲ್ಲ. ಲ್ಯಾಪ್‌ಟಾಪ್ ತೆಗಿ. ಹೂಂ... ಪೈಥಾನ್, ಟಿಕಿಂಟರ್, ಶಬ್ದಕ್ಕೆ ವಿನ್‌ಸೌಂಡ್. ಇಲ್ಲಿ ನೋಡು, 'ಪ್ಲೇಸೌಂಡ್' ಅಂತ ಕರೆದಿದ್ದೀಯ. ಅದು ಶಬ್ದ ಮುಗಿಯೋವರೆಗೆ ವಾಪಸ್ ಬರಲ್ಲ. ನೀನು ದರ್ಶಿನಿಗೆ ಹೋಗಿದ್ದೀಯಲ್ಲ? ಕ್ಯಾಷ್ ಕೌಂಟರಿನವನು ದುಡ್ಡು ತಗೊಂಡು ಚೀಟಿ ಕೊಡ್ತಾನೆ, ಮುಂದಿನವರನ್ನ ನೋಡ್ತಾನೆ. ದೋಸೆ ಹುಯ್ಯೋಕೆ ಒಳಗೆ ಬೇರೆಯವರು ಇದ್ದಾರೆ. ಅವನೇ ಎದ್ದು ಹೋಗಿ ಕಾವಲಿ ಮುಂದೆ ನಿಂತರೆ?

— ಸಾಲು ರಸ್ತೆಗೆ ಬರುತ್ತೆ.

— ವಿಂಡೋ ಇರೋ ಪ್ರೋಗ್ರಾಮಿನ ಒಳಗೆ ಅಂಥ ಕೌಂಟರಿನವನು ಒಬ್ಬನೇ ಇರೋದು. ಮೌಸ್ ಒತ್ತಿದ್ದು, ಕೀಲಿ ಒತ್ತಿದ್ದು, ಪರದೆ ಮತ್ತೆ ಬರೀಬೇಕಾದ್ದು, ಎಲ್ಲ ಚೀಟಿಗಳಾಗಿ ಅವನ ಮುಂದೆ ಸಾಲು ನಿಲ್ಲುತ್ತೆ. ನೀನು ಅವನನ್ನ ಹಾಡು ಹಾಡೋಕೆ ಕಳಿಸಿದೆ. ಆ ಅಕ್ಕ ಒತ್ತಿದ ಇನ್ನೆರಡು ಸಲವೂ ವ್ಯರ್ಥ ಆಗಲಿಲ್ಲ ನೋಡು, ಸಾಲಿನಲ್ಲಿ ಕಾದಿತ್ತು. ಹಾಡು ಮುಗಿಸಿ ಬಂದವನೇ ಒಂದೊಂದಾಗಿ ವಿಲೇವಾರಿ ಮಾಡಿದ.

— ಅದು ಆ ರಾತ್ರಿಯೇ ಗೊತ್ತಾಯ್ತು. 'ಅಸಿಂಕ್' ಅನ್ನೋ ಸೂಚನೆ ಸೇರಿಸಿದೆ, ಶಬ್ದ ಹಿನ್ನೆಲೆಯಲ್ಲಿ ನಡೀಲಿ ಅಂತ. ಮಂಗಳವಾರ ಅದಕ್ಕಿಂತ ಕೆಟ್ಟದ್ದಾಯ್ತು. 'ಟೋಕನ್ ನಂಬರ್' ಒಂದು ತುಣುಕು, 'ಹದಿನಾಲ್ಕು' ಒಂದು ತುಣುಕು, 'ರೂಮ್ ನಂಬರ್' ಒಂದು, 'ಎರಡು' ಒಂದು. ನಾಲ್ಕನ್ನೂ ಒಂದರ ಹಿಂದೆ ಒಂದು ಕೊಟ್ಟರೆ ಕೇಳಿಸಿದ್ದು ಕೊನೇದು ಮಾತ್ರ. ಬೆಳಗ್ಗೆಯೆಲ್ಲ ಆ ಸ್ಪೀಕರ್ 'ಎರಡು', 'ಒಂದು', 'ಎರಡು' ಅಂತಲೇ ಕೂಗ್ತಿತ್ತು. ಎರಡನೇ ಟೋಕನ್ ಇದ್ದ ಅಜ್ಜ ನಾಲ್ಕು ಸಲ ಎದ್ದು ಹೋಗಿ ಬಂದರಂತೆ.

— ಪಾಪ. ವಿಂಡೋಸಿನ ಆ ಸೌಲಭ್ಯಕ್ಕೆ ಬಾಯಿ ಒಂದೇ. ಹೊಸದು ಬಂದರೆ ಹಳೇದನ್ನ ಅರ್ಧಕ್ಕೆ ನಿಲ್ಲಿಸಿಬಿಡುತ್ತೆ. ನಾಲ್ಕು ತುಣುಕೂ ಕಣ್ಣು ಮಿಟುಕಿಸೋದರೊಳಗೆ ಒಂದರ ಬಾಯಿ ಒಂದು ಮುಚ್ಚಿಸಿವೆ. ನಮ್ಮ ಕಾಲದಲ್ಲಿ ಈ ತೊಂದರೆ ಇರಲಿಲ್ಲ, ಯಾಕೆಂದರೆ ಹಿನ್ನೆಲೆ ಅನ್ನೋದೇ ಇರಲಿಲ್ಲ!

— ಶುರುವಾಯ್ತು ನಿಮ್ಮ ಟರ್ಬೋ ಸಿ ಪುರಾಣ.

— ಹೇಳಿಬಿಡ್ತೀನಿ, ಕೇಳು. ತೊಂಬತ್ತರ ದಶಕ. ಇಲ್ಲೇ ನವರಂಗ್ ಹತ್ತಿರ ಒಂದು ಮಹಡಿ ಮೇಲೆ ನಾನು ಸಂಜೆ ಹೊತ್ತು ಕಂಪ್ಯೂಟರ್ ಪಾಠ ಹೇಳ್ತಿದ್ದೆ. ಸೌಂಡ್ ಕಾರ್ಡ್ ಇಲ್ಲ, ಸ್ಪೀಕರ್ ಅಂದರೆ ಡಬ್ಬದೊಳಗೆ ಅಂಗೈಗಿಂತ ಚಿಕ್ಕದೊಂದು. ಟರ್ಬೋ ಸಿ-ಯಲ್ಲಿ 'ಸೌಂಡ್ 440' ಅಂತ ಬರೆದರೆ ಆ ಸ್ಪೀಕರ್ ಕುಯ್ ಅನ್ನೋಕೆ ಶುರು. 'ಡಿಲೇ 500' ಅಂದರೆ ಅರ್ಧ ಸೆಕೆಂಡು ಕಾಯಿ. 'ನೋಸೌಂಡ್' ಅಂದರೆ ನಿಲ್ಲಿಸು. ಮೂರನೇದನ್ನ ಮರೆಯೋ ಹುಡುಗ ಪ್ರತಿ ಬ್ಯಾಚಿನಲ್ಲೂ ಒಬ್ಬ ಇರ್ತಿದ್ದ. ಪ್ರೋಗ್ರಾಂ ಮುಗಿದರೂ ಶಬ್ದ ಮುಗೀತಿರಲಿಲ್ಲ. ಕೆಳಗಿನ ಅಂಗಡಿಯವರು ಮೇಲೆ ಬಂದು ಏನ್ರೀ ಅದು ಅಂತ ಕೇಳೋವರೆಗೂ.

— ಪ್ರೋಗ್ರಾಂ ಮುಗಿದ ಮೇಲೆ ಯಾರು ಶಬ್ದ ಮಾಡ್ತಿದ್ದಿದ್ದು?

— ಅದೇ ಸ್ವಾರಸ್ಯ. 8253 ಅಂತ ಇಂಟೆಲ್‌ನ ಒಂದು ಟೈಮರ್ ಚಿಪ್ಪು. ಅದಕ್ಕೆ ಸೆಕೆಂಡಿಗೆ 11,93,182 ಮಿಡಿತ ಬರ್ತಿರುತ್ತೆ. ಎಷ್ಟು ಮಿಡಿತಕ್ಕೊಮ್ಮೆ ಸ್ಪೀಕರನ್ನ ಅಲುಗಿಸಬೇಕು ಅಂತ ನೀನು ಒಂದು ಸಂಖ್ಯೆ ಕೊಡೋದು. 440 ಬೇಕು ಅಂದರೆ 2712ರಿಂದ ಭಾಗಿಸು ಅನ್ನೋದು. ಒಮ್ಮೆ ಹೇಳಿದರೆ ಸಾಕು, ಆ ಚಿಪ್ಪು ಪ್ರೊಸೆಸರನ್ನ ಕೇಳದೆ ತನ್ನ ಪಾಡಿಗೆ ಭಾಗಿಸ್ತಾ ಕೂರುತ್ತೆ. ಅದೇ ಚಿಪ್ಪಿನ ಇನ್ನೊಂದು ಕೈ 65,536ರಿಂದ ಭಾಗಿಸಿ ಗಡಿಯಾರ ನಡೆಸ್ತಿತ್ತು, ಸೆಕೆಂಡಿಗೆ 18.2 ಸಲ. ಮುಂದೆ ವಿಂಡೋಸ್ 95, 98ರಲ್ಲಿ ವಿಷುಯಲ್ ಬೇಸಿಕ್ ಬರೆದಾಗಲೂ ಟೈಮರಿಗೆ 10 ಮಿಲಿಸೆಕೆಂಡ್ ಅಂತ ಹಾಕಿದರೆ 55ಕ್ಕೇ ಬರ್ತಿತ್ತು. ಯಾಕೆ ಅಂತ ಲೆಕ್ಕ ಹಾಕಿ ನೋಡು.

— ಸಾವಿರವನ್ನ 18.2ರಿಂದ ಭಾಗಿಸಿದರೆ... 55. ಓಹೋ.

— ಆಮೇಲೆ ಎಸ್.ಪಿ. ರೋಡಿನಲ್ಲಿ ಮಲ್ಟಿಮೀಡಿಯಾ ಕಿಟ್ ಅಂತ ಸಿಗೋಕೆ ಶುರುವಾಯ್ತು. ಸಿ.ಡಿ. ಡ್ರೈವು, ಸೌಂಡ್ ಕಾರ್ಡು, ಎರಡು ಸ್ಪೀಕರು ಒಂದೇ ರಟ್ಟಿನ ಡಬ್ಬದಲ್ಲಿ. ಆಗ ನಿಜವಾದ ಧ್ವನಿ ಬಂತು. ಬಂದರೇನು, ಇಡೋಕೆ ಜಾಗ ಇಲ್ಲ. ಸಿ.ಡಿ. ಗುಣಮಟ್ಟ ಅಂದರೆ ಸೆಕೆಂಡಿಗೆ 1,76,400 ಬೈಟು. ಒಂದು ಫ್ಲಾಪಿಗೆ ಎಂಟು ಸೆಕೆಂಡಿನ ಹಾಡು! ಪಲ್ಲವಿಯೂ ಮುಗಿಯಲ್ಲ. ಇರಲಿ, ನಿನ್ನ ನಾಲ್ಕು ತುಣುಕು ಏನಾಯ್ತು?

— ದೋಸೆ ಹುಯ್ಯೋಕೆ ಬೇರೆಯವರನ್ನ ಇಟ್ಟ ಹಾಗೆ ಒಂದು ಥ್ರೆಡ್ ಹಾಕಿದೆ, ಅದರೊಳಗೆ ಒಂದರ ಹಿಂದೆ ಒಂದು ನುಡಿಸೋ ಹಾಗೆ. ಆದರೆ ಥ್ರೆಡ್ಡಿನೊಳಗಿಂದ ಪರದೆ ಮುಟ್ಟಿದೆ, ಆಗಾಗ ಪ್ರೋಗ್ರಾಮೇ ಬಿದ್ದುಹೋಗ್ತಿದೆ.

— ಅಷ್ಟೆಲ್ಲ ಯಾಕೆ? ನಾಲ್ಕು ತುಣುಕನ್ನೂ ಮೊದಲು ಒಂದೇ ಫೈಲಾಗಿ ಹೊಲಿದುಬಿಡು. ಪೈಥಾನಿನಲ್ಲಿ 'ವೇವ್' ಅಂತ ಇದೆಯಲ್ಲ, ಅದರಲ್ಲಿ ಹತ್ತು ಸಾಲು. ಎಲ್ಲ ತುಣುಕೂ ಒಂದೇ ಅಳತೆಯಲ್ಲಿ ರೆಕಾರ್ಡ್ ಆಗಿರಬೇಕು, ಅದೊಂದೇ ಷರತ್ತು. ಆಮೇಲೆ ಆ ಒಂದು ಫೈಲನ್ನ ಹಿನ್ನೆಲೆಯಲ್ಲಿ ಬಿಡು. ಎಷ್ಟು ಸೆಕೆಂಡಿನದು ಅಂತ ನಿನಗೆ ಗೊತ್ತೇ ಇರುತ್ತೆ. ಮುಂದಿನ ಕರೆ ಅಷ್ಟು ಹೊತ್ತಾದ ಮೇಲೆ ಬರಲಿ ಅಂತ ಟಿಕಿಂಟರಿನ 'ಆಫ್ಟರ್'ಗೆ ಹೇಳಿಡು. ಇನ್ನೊಂದು, ಬಟನ್ ಒತ್ತಿದ ತಕ್ಷಣ ಪರದೆಯ ಮೇಲೆ ನಂಬರ್ ಬದಲಾಗಬೇಕು. ಹತ್ತನೇ ಒಂದು ಸೆಕೆಂಡಿನೊಳಗೆ. ಧ್ವನಿ ನಿಧಾನವಾಗಿ ಬರಲಿ, ಪರವಾಗಿಲ್ಲ. ಕಣ್ಣಿಗೆ ಉತ್ತರ ಸಿಕ್ಕಿದ್ದರೆ ಆ ಅಕ್ಕ ಮೂರು ಸಲ ಒತ್ತುತ್ತಿರಲಿಲ್ಲ.

— ಬರ್ಕೊಂಡೆ. ಆದರೆ ಇದಕ್ಕಿಂತ ದೊಡ್ಡ ತಾಪತ್ರಯ ಒಂದಿದೆ. ಇದು ಕೋಡಿನದಲ್ಲ. ನೂರರವರೆಗೆ ಎಲ್ಲ ಸಂಖ್ಯೆ ಯಾರು ರೆಕಾರ್ಡ್ ಮಾಡ್ತಾರೆ ಅಂತ ಒಂದರಿಂದ ಇಪ್ಪತ್ತು, ಆಮೇಲೆ ಮೂವತ್ತು, ನಲವತ್ತು, ಹೀಗೆ ಹತ್ತುಗಳನ್ನ ಮಾತ್ರ ಮಾಡಿದ್ದೆ. ಇಂಗ್ಲಿಷಿನಲ್ಲಿ ಹಾಗೇ ತಾನೇ, ಟ್ವೆಂಟಿ ಪಕ್ಕದಲ್ಲಿ ಒನ್ ಇಟ್ಟರೆ ಟ್ವೆಂಟಿಒನ್.

— ಅಯ್ಯೋ.

— ಹೂಂ. ಸ್ಪೀಕರ್ 'ಇಪ್ಪತ್ತು, ಒಂದು' ಅಂತು. ಇಪ್ಪತ್ತನೇಯವರು ಎದ್ದರು, ಒಂದನೇಯವರೂ ಎದ್ದರು. ನಿಜವಾದ ಇಪ್ಪತ್ತೊಂದು ಸುಮ್ಮನೆ ಕೂತಿದ್ದರು.

— ಎಂಟನೇ ಕ್ಲಾಸಿನ ವ್ಯಾಕರಣ ಇವತ್ತು ಸೇಡು ತೀರಿಸಿಕೊಳ್ತು. ಇಪ್ಪತ್ತು, ಒಂದು ಸೇರಿದರೆ ಇಪ್ಪತ್ತೊಂದು. ಮೊದಲಿನ ಪದದ ಕೊನೆಯ ಉಕಾರ ಹೋಯ್ತು. ಏನು ಸಂಧಿ?

— ಲೋಪಸಂಧಿ. ಅಷ್ಟು ಗೊತ್ತು.

— ಒಂದು, ಎರಡು, ಐದು, ಆರು, ಏಳು, ಎಂಟು, ಒಂಬತ್ತು. ಒಂಬತ್ತರಲ್ಲಿ ಏಳು ಅಂಕಿ ಸ್ವರದಿಂದ ಶುರು. ಏಳರ ಮುಂದೆಯೂ ಉಕಾರ ಬಿದ್ದುಹೋಗುತ್ತೆ. ಮೂರು, ನಾಲ್ಕು ಎರಡೇ ವ್ಯಂಜನದವು, ಅಲ್ಲೂ ಇಪ್ಪತ್ತಮೂರು, ಇಪ್ಪತ್ತನಾಲ್ಕು ಅಂತ ಉಕಾರ ಅಕಾರ ಆಗುತ್ತೆ. ಅಂದರೆ ಇಪ್ಪತ್ತು ಅನ್ನೋ ಪೂರ್ತಿ ಪದ ಅದರ ಮುಂದಿನ ಒಂಬತ್ತು ಸಂಖ್ಯೆಯಲ್ಲಿ ಒಂದರಲ್ಲೂ ಇಲ್ಲ! ಹತ್ತರದ್ದಂತೂ ಕೇಳಲೇಬೇಡ. ಹನ್ನೊಂದರಲ್ಲಿ 'ಹನ್', ಹದಿಮೂರರಲ್ಲಿ 'ಹದಿ', ಹತ್ತೊಂಬತ್ತರಲ್ಲಿ ಮತ್ತೆ 'ಹತ್ತ್'. ನೂರು ಕೂಡ ಹಾಗೇ. ಒಂಟಿಯಾಗಿದ್ದರೆ ನೂರು, ಹಿಂದೆ ಯಾರಾದರೂ ಬಂದರೆ 'ನೂರ'. ನೂರ ಒಂದು, ನೂರ ಎರಡು.

— ಹಿಂದಿಯವರದ್ದು ಇನ್ನೂ ಕಷ್ಟ ಅಲ್ವಾ, ತೊಂಬತ್ತೊಂಬತ್ತರವರೆಗೆ ಒಂದೊಂದೂ ಬೇರೆ ಬೇರೆ. ನನ್ನ ಫ್ರೆಂಡ್ ಹೇಳ್ತಿದ್ದಳು, ಅವಳಿಗೇ ಅರವತ್ತರ ಮೇಲೆ ತಡವರಿಸುತ್ತಂತೆ. ನಮ್ಮ ಮೆಟ್ರೋದಲ್ಲಿ ಹೇಗೆ ಮಾಡ್ತಾರೆ? 'ಮುಂದಿನ ನಿಲ್ದಾಣ' ಅಂದಾದ ಮೇಲೆ ಅತ್ತಿಗುಪ್ಪೆಯೋ ವಿಜಯನಗರವೋ, ಯಾವುದು ಬಂದರೂ ಕೂರುತ್ತೆ.

— ಅಲ್ಲಿ ವಾಕ್ಯದ ಜಾಣತನ ಇದೆ. ಹೆಸರಿಗೆ ವಿಭಕ್ತಿ ಹಚ್ಚೋ ಗೋಜೇ ಇಲ್ಲ. ಅದೇ 'ವಿಜಯನಗರಕ್ಕೆ ಬಂದಿದ್ದೇವೆ', 'ಅತ್ತಿಗುಪ್ಪೆಗೆ ಬಂದಿದ್ದೇವೆ' ಅಂತ ಬರೆದಿದ್ದರೆ ಒಂದಕ್ಕೆ 'ಕ್ಕೆ', ಇನ್ನೊಂದಕ್ಕೆ 'ಗೆ'. ನೀನೂ ಅಷ್ಟು ಮಾಡು. 'ಇಪ್ಪತ್ತೊಂದನೇ ನಂಬರಿನವರು ಎರಡನೇ ಕೋಣೆಗೆ ಬನ್ನಿ' ಅಂದರೆ ಕೇಳೋಕೆ ಚೆಂದ, ಆದರೆ 'ಒಂದು' ಬೇರೆ, 'ಒಂದನೇ' ಬೇರೆ ರೆಕಾರ್ಡ್ ಆಗಬೇಕು. 'ಟೋಕನ್ ನಂಬರ್ ಇಪ್ಪತ್ತೊಂದು, ರೂಮ್ ನಂಬರ್ ಎರಡು' ಅಂದರೆ ಅದೇ ಎರಡು, ಅದೇ ಒಂದು ಎರಡೂ ಕಡೆ ಆಗುತ್ತೆ. ಕನ್ನಡ ಸ್ವಲ್ಪ ಬಡವಾಯ್ತು, ನಿಜ. ಜ್ವರ ಬಂದು ಕೂತವರಿಗೆ ಅದೇ ಬೇಗ ಕಿವಿಗೆ ಬೀಳೋದು.

— ಹಾಗಾದರೆ ಎಷ್ಟು ತುಣುಕು ಬೇಕು? ಕ್ಲಿನಿಕ್‌ನಲ್ಲಿ ದಿನಕ್ಕೆ ನೂರಿಪ್ಪತ್ತು ಟೋಕನ್ ದಾಟಲ್ಲ.

— ತೊಂಬತ್ತೊಂಬತ್ತು, ಅದರ ಮೇಲೆ ಒಂದು 'ನೂರು', ಒಂದು 'ನೂರ'. ನೂರ ಒಂದು. ಮುಯ್ಯಿ ಕವರಿನ ಲೆಕ್ಕ. ಅಷ್ಟರಲ್ಲಿ ನೂರ ತೊಂಬತ್ತೊಂಬತ್ತರವರೆಗೂ ಹೇಳಬಹುದು. ಆದರೆ ತಡಿ... ಶಬ್ದ ರೆಕಾರ್ಡ್ ಮಾಡೋ ಆ ಆಡಾಸಿಟಿ ಪ್ರೋಗ್ರಾಮಿನಲ್ಲಿ ಇಪ್ಪತ್ತೊಂದು ಅಂತ ನೀನೇ ಹೇಳಿ ರೆಕಾರ್ಡ್ ಮಾಡು. ಅಲೆಯ ಚಿತ್ರ ದೊಡ್ಡದು ಮಾಡು.

— ಮಾಡಿದೆ. ಇದೇನು, ಮಧ್ಯೆ ಎರಡು ಕಡೆ ಗೆರೆ ಸಪಾಟಾಗಿದೆ?

— ಒಂದು 'ಪ್ಪ', ಇನ್ನೊಂದು 'ತ್ತ'. 'ತ್ತ' ಅನ್ನೋವಾಗ ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡು ಗಾಳಿ ಕಟ್ಟಿ ನಿಲ್ಲುತ್ತೆ. ಅಷ್ಟು ಹೊತ್ತು ಏನೂ ಕೇಳಲ್ಲ. ನಾವು ಒತ್ತಕ್ಷರ ಅನ್ನೋದರಲ್ಲಿ ಅರ್ಧ ಮೌನ ಇದೆ ಕಣೇ! ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಕಾಣ್ತಿದೆ ಇಲ್ಲಿ. ಈಗ ಹೇಳು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಎಂಟಕ್ಕೂ ಬಾಲದಲ್ಲಿ ಏನಿದೆ?

— ತ್ತು. ಎಲ್ಲಕ್ಕೂ ತ್ತು! ಅಂದರೆ ಆ ಮೌನದ ನಡುವೆ ಕತ್ತರಿಸಿದರೆ...

— ಈ ಕಡೆ 'ಇಪ್ಪತ್', ಆ ಕಡೆ 'ತೊಂದು'. ಕತ್ತರಿ ಬಿದ್ದದ್ದು ಮೌನದಲ್ಲಿ, ಹೊಲಿಗೆ ಕಾಣೋಕೆ ಸಾಧ್ಯವೇ ಇಲ್ಲ. 'ಮೂವತ್' ತಂದು ಪಕ್ಕದಲ್ಲಿಡು, ಮೂವತ್ತೊಂದು. ತಲೆ ಎಂಟು: ಇಪ್ಪತ್, ಮೂವತ್, ಹೀಗೆ. ಬಾಲ ಒಂಬತ್ತು: ತೊಂದು, ತೆರಡು, ತಮೂರು, ತನಾಲ್ಕು, ತೈದು, ತಾರು, ತೇಳು, ತೆಂಟು, ತೊಂಬತ್ತು. ಬರೀ ಹತ್ತುಗಳಿಗೆ ಒಂದು 'ತು'. ಒಂದರಿಂದ ಹತ್ತೊಂಬತ್ತರವರೆಗೆ ಇದ್ದದ್ದು ಇದ್ದ ಹಾಗೇ. ಎಂಟು, ಒಂಬತ್ತು, ಒಂದು, ಹತ್ತೊಂಬತ್ತು, ಒಟ್ಟು?

— ಮೂವತ್ತೇಳು. ತೊಂಬತ್ತೊಂಬತ್ತರ ಕೆಲಸ ಮೂವತ್ತೇಳರಲ್ಲಿ! ತಾಳಿ, ಹೊಲಿದು ನೋಡ್ತೀನಿ. 'ನಲವತ್' ಇಲ್ಲಿಂದ, 'ತೇಳು' ಮೂವತ್ತೇಳರಿಂದ... ಕೇಳಿ ದೊಡ್ಡಪ್ಪ, ಗೊತ್ತೇ ಆಗಲ್ಲ.

— ಶಾಲೆಯಲ್ಲಿ ಸಂಧಿ ಬಿಡಿಸಿ ಬರೀರಿ ಅಂದಾಗ ಇಪ್ಪತ್ತು + ಒಂದು ಅಂತಲೇ ಬರೆದಿದ್ದೆವು. ಬಾಯಿ ಬಿಡಿಸೋದು ಬೇರೆ ಜಾಗದಲ್ಲಿ ನೋಡು.

— ಖುಷಿಯಾಯ್ತು, ಸುಳ್ಳು ಹೇಳಲ್ಲ. ಆದರೂ ನಾನು ನೂರ ಒಂದನ್ನೂ ಪೂರ್ತಿ ರೆಕಾರ್ಡ್ ಮಾಡ್ತೀನಿ. ಒಂದೊಂದಕ್ಕೆ ಐದು ಸೆಕೆಂಡು ಅಂದರೂ ಹತ್ತು ನಿಮಿಷದೊಳಗೆ ಮುಗಿಯುತ್ತೆ. ಒಂದೊಂದು ಸೆಕೆಂಡಿನ ತುಣುಕು, ಮೋನೋ ಆದರೆ ಎಲ್ಲ ಸೇರಿ ಒಂಬತ್ತು ಎಂ.ಬಿ. ಕೂಡ ಆಗಲ್ಲ. ಕತ್ತರಿಸಿ ಹೊಲಿಯೋಕೆ ಒಂದು ದಿನ ಹಾಳು ಮಾಡೋದು ಯಾಕೆ?

— ಹೂಂ... ಅದೂ ಸರಿಯೇ. ಫ್ಲಾಪಿ ಬುದ್ಧಿ ನನ್ನದು, ಹೋಗಲ್ಲ. ಅಂದ ಹಾಗೆ ಫ್ಲಾಪಿಗೂ ಹಿಡೀತಿತ್ತು. ಸೆಕೆಂಡಿಗೆ 11,025 ಮಾದರಿ, 8 ಬಿಟ್ ಅಂದರೆ ನೂರ ಒಂದು ಸೆಕೆಂಡು ಹನ್ನೊಂದು ಲಕ್ಷ ಬೈಟು ಚಿಲ್ಲರೆ. ಫ್ಲಾಪಿಯಲ್ಲಿ ಹದಿನಾಲ್ಕು ಮುಕ್ಕಾಲು ಲಕ್ಷ. ಅಷ್ಟು ಕಡಿಮೆ ಮಾದರಿಯಲ್ಲಿ ಮೊದಲು ಕೆಡೋದು 'ಸ', 'ಶ'. ಅವುಗಳ ಸದ್ದು ಮೇಲಿನ ಕಂಪನದಲ್ಲಿರುತ್ತೆ, ಅದು ಕತ್ತರಿಸಿಹೋಗುತ್ತೆ. ಆದರೆ ಒಂದು ತಮಾಷೆ ಗಮನಿಸಿದ್ದೀಯಾ? ಒಂದರಿಂದ ಒಂಬೈನೂರ ತೊಂಬತ್ತೊಂಬತ್ತರವರೆಗೆ ಕನ್ನಡದಲ್ಲಿ ಎಲ್ಲೂ 'ಸ' ಇಲ್ಲ.

— ಒಂದು, ಎರಡು, ಮೂರು... ಹತ್ತು... ಅರವತ್ತು... ನೂರು... ಹೌದಲ್ಲ! ಸಾವಿರಕ್ಕೇ ಬರೋದು.

— ಇಂಗ್ಲಿಷಿನಲ್ಲಿ ಸಿಕ್ಸ್, ಸೆವೆನ್‌ನಲ್ಲೇ ಎಡವಬೇಕು. ನಮ್ಮ ಸಂಖ್ಯೆಗಳು ಹಳೇ ಟೆಲಿಫೋನಿಗೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಅವಕ್ಕೆ ಬೇರೆ ರೋಗ ಇದೆ, ಒಂದಕ್ಕೊಂದು ಹೋಲುತ್ತವೆ. ಗದ್ದಲದಲ್ಲಿ ಇಪ್ಪತ್ತಾರು, ಎಪ್ಪತ್ತಾರು ಅಂದುನೋಡು. ಎಂಬತ್ತು, ತೊಂಬತ್ತು. ಫೋನಿನಲ್ಲಿ ನಂಬರ್ ಹೇಳೋವಾಗ ನಾವು ಏನು ಮಾಡ್ತೀವಿ?

— 'ಎಪ್ಪತ್ತಾರು... ಏಳು, ಆರು' ಅಂತ ಮತ್ತೆ ಬಿಡಿಸಿ ಹೇಳ್ತೀವಿ. ಹಾಗೇ ಮಾಡಲಾ? ತುಣುಕು ಹೇಗಿದ್ದರೂ ಇವೆ.

— ಮಾಡು. ರೆಕಾರ್ಡ್ ಮಾಡೋವಾಗ ಬರೀ ಸಂಖ್ಯೆಗಳನ್ನ ಮಗ್ಗಿ ಒಪ್ಪಿಸಿದ ಹಾಗೆ ಹೇಳಿಸಬೇಡ. ಮಗ್ಗಿಯ ರಾಗ ಬಂದುಬಿಡುತ್ತೆ. ಪ್ರತಿ ಸಲವೂ 'ಟೋಕನ್ ನಂಬರ್ ಇಪ್ಪತ್ತೊಂದು' ಅಂತ ಪೂರ್ತಿ ಹೇಳಿಸು, ಆಮೇಲೆ ಸಂಖ್ಯೆ ಮಾತ್ರ ಕತ್ತರಿಸಿಕೋ. ವಾಕ್ಯದ ಕೊನೆಯಲ್ಲಿ ದನಿ ಇಳಿಯೋ ಆ ಇಳಿತ ಜೊತೆಗೆ ಬರುತ್ತೆ. ಕತ್ತರಿಸಿದ ಎರಡೂ ತುದಿಯಲ್ಲಿ ಐದಾರು ಮಿಲಿಸೆಕೆಂಡು ಶಬ್ದ ಸೊನ್ನೆಗೆ ಇಳಿಯೋ ಹಾಗೆ ಮಾಡು, ಇಲ್ಲದಿದ್ದರೆ ಪ್ರತಿ ಜೋಡಣೆಯಲ್ಲೂ ಟಕ್ ಅಂತ ಬಡಿಯುತ್ತೆ. ಗಂಟೆ ಶಬ್ದ ಯಾವುದು ಹಾಕಿದ್ದೀಯ?

— ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದು. ಟಿಣಿಂಗ್ ಅಂತ, ಗಾಜು ತಾಗಿದ ಹಾಗೆ.

— ಕ್ಲಿನಿಕ್‌ಗೆ ಬರೋರು ಯಾರು? ಅರ್ಧಕ್ಕರ್ಧ ನನ್ನ ವಯಸ್ಸಿನವರು. ವಯಸ್ಸಾದರೆ ಮೊದಲು ಹೋಗೋದು ಮೇಲಿನ ಶಬ್ದಗಳೇ. ನಿನ್ನ ಗಾಜು ನಮ್ಮ ಕಿವಿಗೆ ತಾಗಲ್ಲ. ಹಾಗಂತ ತೀರ ಕೆಳಗೆ ಹೋದರೆ ಆ ಪುಟ್ಟ ಸ್ಪೀಕರಿಗೆ ಅದನ್ನ ನುಡಿಸೋ ತಾಕತ್ತಿಲ್ಲ. ನಡುವೆ ಇರಲಿ. 520ರಲ್ಲಿ ಒಂದು ಷಡ್ಜ, 780ರಲ್ಲಿ ಅದರ ಪಂಚಮ. ಎರಡಕ್ಕೆ ಮೂರರ ಅನುಪಾತ, ಯಾರ ಕಿವಿಗೂ ಚುಚ್ಚಲ್ಲ. ಬಾರಿಸಿದ ಗಂಟೆ ಹೇಗೆ ಜೋರಾಗಿ ಶುರುವಾಗಿ ಕರಗುತ್ತೋ ಹಾಗೆ ಕರಗಿಸು. ಎರಡು ಸ್ವರ ಸೇರಿ ಮುಕ್ಕಾಲು ಸೆಕೆಂಡು, ಅದರ ಮೇಲೆ ಬೇಡ.

— ವಿಂಡೋಸ್ 95 ಶುರುವಾಗೋ ಸಂಗೀತ ಬ್ರಯಾನ್ ಈನೋ ಮಾಡಿದ್ದಂತೆ. ಅದನ್ನ ಜನ ಇನ್ನೂ ನೆನೆಸಿಕೊಳ್ತಾರೆ. ನಂದು ಬರೀ ಸ-ಪ?

— ಅದು ದಿನಕ್ಕೊಮ್ಮೆ ಕೇಳೋದು. ನಿನ್ನದು ನೂರಿಪ್ಪತ್ತು ಸಲ. ನನಗೆ ಅನುಭವ ಇದೆ ಕೇಳು. ವಿಜಯನಗರದಲ್ಲಿ ಒಂದು ಬಟ್ಟೆ ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೆ, ವಿಷುಯಲ್ ಬೇಸಿಕ್‌ನಲ್ಲಿ. ಬಿಲ್ ಮುಗಿದ ತಕ್ಷಣ ಝಣ ಝಣ ಅಂತ ನಾಣ್ಯ ಸುರಿದ ಶಬ್ದ. ಮಾಲೀಕರು ಮೊದಲ ದಿನ ಬಂದವರಿಗೆಲ್ಲ ಕೇಳಿಸಿದರು. ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರ ಬಂತು ನೋಡು, ಎರಡೇ ದಿನಕ್ಕೆ ಸ್ಪೀಕರಿನ ವೈರ್ ಕಿತ್ತು ಕೈಲಿ ಹಿಡ್ಕೊಂಡಿದ್ದರು. ನಾಣ್ಯದ ಶಬ್ದ ಕೇಳಿ ಬೇಸರವಾದ ವ್ಯಾಪಾರಿಯನ್ನ ನಾನು ನೋಡಿದ್ದು ಅದೊಂದೇ ಸಲ.

— ಹಾಗಾದರೆ ವಾಲ್ಯೂಮ್ ಪಟ್ಟಿಯನ್ನ ಆ ಅಕ್ಕನ ಕೈಗೆ ಸಿಗೋ ಹಾಗೆ ಮುಂದೆಯೇ ಇಡ್ತೀನಿ. ಇಲ್ಲದಿದ್ದರೆ ಅವರೂ ವೈರ್ ಕೀಳ್ತಾರೆ. ಈಗ ಪರದೆ ನೋಡಿ. ಇದು ನನಗೆ ತುಂಬ ಇಷ್ಟ.

— ಇದೇನಿದು! ನಂಬರ್ ಗಿರಗಿರ ತಿರುಗಿಕೊಂಡು ಬಂತು, ಪುಟಿಯಿತು, ಬಣ್ಣ ಬದಲಾಯ್ತು... ಇನ್ನೂ ಮಿನುಗ್ತಾನೇ ಇದೆಯಲ್ಲೇ.

— ಆರನೇ ಸೆಮಿಸ್ಟರಿನ ಗ್ರಾಫಿಕ್ಸ್ ಲ್ಯಾಬಿನಲ್ಲಿ ಓಪನ್‌ಜಿಎಲ್ ಕಲಿತದ್ದು ಸುಮ್ಮನೆ ಹೋಗಬಾರದಲ್ಲ. ಕ್ಲಾಸಿನಲ್ಲಿ ಎಲ್ಲರದ್ದೂ ಗಾಳಿಗಿರಣಿ, ಟ್ರಾಫಿಕ್ ಸಿಗ್ನಲ್. ನನ್ನದಾದರೂ ಯಾರಿಗೋ ಉಪಯೋಗ ಆಗಲಿ ಅಂತ.

— ಮಿನುಗೋದನ್ನ ಮೊದಲು ತೆಗಿ. ಸೆಕೆಂಡಿಗೆ ಎಷ್ಟು ಸಲ ಇದು, ಎಂಟೋ ಹತ್ತೋ? 1997ರ ಡಿಸೆಂಬರಿನಲ್ಲಿ ಜಪಾನಿನ ಟಿ.ವಿ.ಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಬಂತು. ಅದರಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಹೊಡೀತು. ಆರುನೂರಕ್ಕೂ ಹೆಚ್ಚು ಮಕ್ಕಳನ್ನ ಆಸ್ಪತ್ರೆಗೆ ಒಯ್ಯಬೇಕಾಯ್ತು, ಎಷ್ಟೋ ಮಕ್ಕಳಿಗೆ ಫಿಟ್ಸ್. ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಏನೂ ಮಿನುಗಬಾರದು ಅಂತ ವೆಬ್‌ನ ನಿಯಮಗಳಲ್ಲೇ ಇದೆ. ಡಾಕ್ಟರ ಬಾಗಿಲಲ್ಲಿ ಕೂತವರಿಗೆ ನಾವೇ ಕಾಯಿಲೆ ಕೊಡೋದು ಬೇಡ.

— ಅಯ್ಯೋ, ಅದು ಯೋಚನೆಯೇ ಬಂದಿರಲಿಲ್ಲ. ತೆಗೀತೀನಿ. ಪುಟಿಯೋದು?

— ಪುಟಿದು ಏನು ಹೇಳುತ್ತೆ?

— ...ಹೊಸ ನಂಬರ್ ಬಂತು ಅಂತ.

— ಆ ಮಾತು ಹೇಳೋಕೆ ಒಂದು ಸಲ ಸರಿದು ಬಂದರೆ ಸಾಕಲ್ಲ? ಹೊಸದು ಮೇಲಿಂದ ಇಳಿಯಲಿ. ಇಷ್ಟು ಹೊತ್ತು ಇದ್ದದ್ದು ಕೆಳಗೆ ಜರುಗಿ ಚಿಕ್ಕದಾಗಲಿ, ಅದರ ಕೆಳಗೆ ಹಿಂದಿನ ಎರಡು. ಕಾಫಿ ಕುಡಿಯೋಕೆ ಹೊರಗೆ ಹೋಗಿ ಬಂದವನಿಗೆ ತನ್ನ ನಂಬರ್ ಹೋಯ್ತೋ ಇದೆಯೋ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಕಿವಿ ಕೇಳದವರಿಗೆ ಈ ಸರಿದಾಟವೇ ಗಂಟೆ. ತೊಗಲುಗೊಂಬೆ ಆಟ ನೋಡಿದ್ದೀಯಲ್ಲ, ಒಂದು ಗೊಂಬೆ ಮಾತಾಡ್ತಿದ್ದರೆ ಅದರ ಕೈ ಮಾತ್ರ ಅಲ್ಲಾಡುತ್ತೆ, ಮಿಕ್ಕವು ಸುಮ್ಮನಿರ್ತವೆ. ಯಾರ ಮಾತು ಅಂತ ಗೊತ್ತಾಗೋದು ಹಾಗೆ.

— ಸರಿದು ಬರೋದನ್ನೂ ಮಾಡಿ ನೋಡಿದ್ದೆ. 40 ಮಿಲಿಸೆಕೆಂಡಿಗೊಮ್ಮೆ 'ಆಫ್ಟರ್' ಕೊಟ್ಟು, ಪ್ರತಿ ಸಲ ಎಂಟು ಪಿಕ್ಸೆಲ್. ನನ್ನ ಲ್ಯಾಪ್‌ಟಾಪಿನಲ್ಲಿ ನೀಟಾಗಿ ಬಂತು, ಕ್ಲಿನಿಕ್ಕಿನ ಹಳೇ ಕಂಪ್ಯೂಟರಿನಲ್ಲಿ ಬಸವನಹುಳು.

— ಹಳೇ ರೋಗ ಇದು. ನಮ್ಮ ಕಾಲದಲ್ಲಿ ಉಲ್ಟಾ ಇತ್ತು, ಹೊಸ ಕಂಪ್ಯೂಟರ್ ಬಂದರೆ ಹಳೇ ಆಟ ಹುಚ್ಚು ಹಿಡಿದ ಹಾಗೆ ಓಡ್ತಿತ್ತು. ಡಬ್ಬದ ಮೇಲೆ ಟರ್ಬೋ ಅಂತ ಒಂದು ಬಟನ್ನೇ ಇರ್ತಿತ್ತು, ವೇಗ ಇಳಿಸೋಕೆ. ಟರ್ಬೋ ಪ್ಯಾಸ್ಕಲ್‌ನ ಪ್ರೋಗ್ರಾಂಗಳಂತೂ ವೇಗದ ಪೆಂಟಿಯಂ ಬಂದಾಗ ಶುರುವಿನಲ್ಲೇ 'ರನ್‌ಟೈಮ್ ಎರರ್ 200' ಅಂತ ಬಿದ್ದುಹೋದವು. ಕಾಯೋ ಹೊತ್ತು ಅಳೆಯೋಕೆ ಒಂದು ಭಾಗಾಕಾರ ಇಟ್ಟಿದ್ದರು, ಕಂಪ್ಯೂಟರ್ ಇಷ್ಟು ಜೋರಾಗುತ್ತೆ ಅಂತ ಎಣಿಸಿರಲಿಲ್ಲ, ಉತ್ತರ ಅದರ ಜಾಗದಲ್ಲಿ ಹಿಡಿಸಲಿಲ್ಲ. ನೀನು ಹೆಜ್ಜೆ ಎಣಿಸಬೇಡ, ಗಡಿಯಾರ ನೋಡು. 'ಆಫ್ಟರ್ 40' ಅಂದರೆ ಕಡಿಮೆ ಅಂದರೆ 40, ಅಷ್ಟೇ. 70 ಆದರೂ ಕೇಳೋರಿಲ್ಲ. ಪ್ರತಿ ಸಲವೂ ಶುರುವಾಗಿ ಎಷ್ಟು ಹೊತ್ತಾಯ್ತು ಅಂತ ನೋಡಿ, ಅರ್ಧ ಸೆಕೆಂಡಿನಲ್ಲಿ ಎಷ್ಟು ಭಾಗ ಕಳೀತೋ ಅಷ್ಟು ದೂರದಲ್ಲಿ ನಂಬರ್ ಇಡು. ನಿಧಾನದ ಕಂಪ್ಯೂಟರಿನಲ್ಲಿ ಸ್ವಲ್ಪ ಜಿಗಿದು ಬರುತ್ತೆ, ಆದರೆ ಹೊತ್ತಿಗೆ ಸರಿಯಾಗಿ ಬಂದು ಮುಟ್ಟುತ್ತೆ.

— ಶುರು ನಿಧಾನ, ನಡುವೆ ಜೋರು, ಕೊನೆ ನಿಧಾನ ಬೇಕಾದರೆ?

— ಕಳೆದ ಭಾಗವನ್ನ 'ಟ' ಅನ್ನು. ಟ ವರ್ಗವನ್ನ, ಮೂರರಲ್ಲಿ ಎರಡು ಟ ಕಳೆದರೆ ಬರುತ್ತಲ್ಲ ಅದರಿಂದ ಗುಣಿಸು. ಸೊನ್ನೆಗೆ ಸೊನ್ನೆ, ಒಂದಕ್ಕೆ ಒಂದು, ಅರ್ಧಕ್ಕೆ ಅರ್ಧ. ಎರಡು ತುದಿಯಲ್ಲಿ ಮೆತ್ತಗೆ. ಒಳ್ಳೇ ಡ್ರೈವರ್ ಬಸ್ಸು ನಿಲ್ಲಿಸಿದ ಹಾಗೆ. ಅಂಥವರು ಸಿಗೋದು ಅಪರೂಪ ಬಿಡು.

— ಇನ್ನೊಂದು, ನಂಬರ್ ಸರಿಯೋವಾಗ ಹಿಂದೆ ಕಣ್ಣು ಮಿಟುಕಿಸಿದ ಹಾಗೆ ಒಂದು ನಡುಕ.

— ಪ್ರತಿ ಸಲ ಎಲ್ಲ ಅಳಿಸಿ ಮತ್ತೆ ಬರೀತಿದ್ದೀಯ. ಅಳಿಸಿದ ಆ ಕ್ಷಣವೂ ಕಣ್ಣಿಗೆ ಬೀಳುತ್ತೆ. ಕ್ಯಾನ್ವಾಸಿನ ಮೇಲೆ ಒಮ್ಮೆ ಬರೆದು, ಅದನ್ನೇ 'ಮೂವ್' ಅಂತ ಜರುಗಿಸು. ನಾವು ಟರ್ಬೋ ಸಿ-ಯಲ್ಲಿ ಎಕ್ಸಾರ್ ಹಾಕ್ತಿದ್ದೆವು. ಒಂದು ಚಿತ್ರವನ್ನ ಅದೇ ಜಾಗದಲ್ಲಿ ಎರಡನೇ ಸಲ ಬರೆದರೆ ಅಳಿಸಿಹೋಗಿ ಹಿಂದಿನದು ಹಾಗೇ ಉಳಿಯುತ್ತೆ. ರಂಗೋಲಿ ಮೇಲೆ ರಂಗೋಲಿ ಎಳೆದರೆ ಅಂಗಳ ಶುದ್ಧ ಆದ ಹಾಗೆ! ಮಾಯೆ ಅಂತ ಹುಡುಗರು ಬಾಯಿ ಬಿಡ್ತಿದ್ದರು. ಅದರಲ್ಲೂ ನಡುಕ ಇತ್ತು. ಅದಕ್ಕೆ ಮದ್ದು ಎರಡು ಪುಟ. ಒಂದನ್ನ ತೋರಿಸ್ತಾ ಇನ್ನೊಂದರ ಮೇಲೆ ಮರೆಯಲ್ಲಿ ಬರೆಯೋದು, ಮುಗಿದ ಮೇಲೆ ಅದಲು ಬದಲು. 640ಕ್ಕೆ 350ರ ಪರದೆಯಲ್ಲಿ ಎರಡು ಪುಟ ಸಿಗ್ತಿತ್ತು, 640ಕ್ಕೆ 480 ಬೇಕು ಅಂದರೆ ಒಂದೇ. ಅಂದವೋ ನೆಮ್ಮದಿಯೋ ಒಂದನ್ನ ಆರಿಸಿಕೊಳ್ಳಬೇಕಿತ್ತು.

— ಲ್ಯಾಬಿನಲ್ಲಿ 'ಗ್ಲಟ್ ಡಬಲ್', 'ಸ್ವಾಪ್ ಬಫರ್ಸ್' ಅಂತ ಬಾಯಿಪಾಠ ಮಾಡಿದ್ದೆವು. ವೈವಾದಲ್ಲಿ ಕೇಳ್ತಾರೆ ಅಂತ. ಇದೇನಾ ಅದು?

— ಅದೇ. ನಾಟಕದಲ್ಲಿ ಪರದೆ ಎಳೆದು ಸೀನ್ ಬದಲಾಯಿಸ್ತಾರಲ್ಲ, ಅಷ್ಟೇ ವಿದ್ಯೆ... ಶ್! ಎಷ್ಟಾಯ್ತು ಅದು?

— ಯಾವುದು?

— ಕುಕ್ಕರು. ಎರಡಾ, ಮೂರಾ?

— ಎರಡು. ಮೊದಲನೇದು ನೀವು ಪೋಕೆಮಾನ್ ಹೇಳೋವಾಗಲೇ ಬಂತು.

— ನೋಡು, ಇಬ್ಬರೂ ಮಾತಾಡ್ತಿದ್ದೆವು. ನೀನು ಅಡುಗೆಮನೆ ಕಡೆ ತಿರುಗಿಯೂ ನೋಡಿಲ್ಲ, ಆದರೂ ಎಣಿಸಿಟ್ಟಿದ್ದೀಯ. ನಿನ್ನ ಕ್ಲಿನಿಕ್ಕಿನಲ್ಲಿ ಕಾಯೋರೂ ಹೀಗೇ. ಫೋನ್ ನೋಡ್ತಾ, ಮಗು ಆಡಿಸ್ತಾ, ತೂಕಡಿಸ್ತಾ ಒಂದು ಕಿವಿ ಈ ಕಡೆ ಇಟ್ಟಿರ್ತಾರೆ. ಯಾರ ದನಿ ರೆಕಾರ್ಡ್ ಮಾಡಿದ್ದು ಇದರಲ್ಲಿ?

— ನನ್ನದೇ, ಹಾಸ್ಟೆಲ್ ರೂಮಿನಲ್ಲಿ. ಹಿಂದೆ ಮೈಸೂರು ರಸ್ತೆಯ ಲಾರಿ ಹಾರ್ನೆಲ್ಲ ಬಂದಿದೆ. ಅದಕ್ಕೇ ಇಲ್ಲಿಗೆ ಬಂದದ್ದು. ದೊಡ್ಡಮ್ಮ ಇಪ್ಪತ್ತೆಂಟು ವರ್ಷ ಪ್ರೈಮರಿ ಸ್ಕೂಲಲ್ಲಿ ಹಾಜರಿ ಕರೆದವರು. ಅವರು ನಂಬರ್ ಕೂಗಿದರೆ ಕೂತವರು ಎದ್ದೇ ಏಳ್ತಾರೆ.

— ಜ್ವರ ಇದ್ದವರೂ 'ಯಸ್ ಮಿಸ್' ಅಂದುಬಿಟ್ಟಾರು. ಒಳಗಿನ ರೂಮಿನಲ್ಲಿ ಬೀರು ಬಾಗಿಲು ತೆಗೆದಿಟ್ಟು, ಸೀರೆಗಳ ಕಡೆ ಮುಖ ಮಾಡಿ ಕೂರಿಸು. ಬಟ್ಟೆ ಪ್ರತಿಧ್ವನಿ ನುಂಗುತ್ತೆ. ಫ್ಯಾನ್ ಆರಿಸು. ಮೈಕು ಬಾಯಿಂದ ಒಂದು ಗೇಣು, ಸ್ವಲ್ಪ ಓರೆಗೆ, 'ಪ್ಪ' ಬಂದಾಗ ಗಾಳಿ ಹೊಡೆಯದ ಹಾಗೆ. ನಡುವೆ ಎಲ್ಲಿ ನಿಲ್ಲಿಸಿದರೂ ಆ ವಾಕ್ಯ ಮೊದಲಿಂದ.

— ದೊಡ್ಡಮ್ಮ ಒಪ್ಪುತ್ತಾರಾ? ನೂರ ಒಂದು ಸಲ 'ಟೋಕನ್ ನಂಬರ್' ಅನ್ನಬೇಕು.

— ಅವಳನ್ನ ನೀನು ಕೇಳು, ನಾನು ಕೇಳಿದರೆ ಆಗಲ್ಲ. ಮೂರನೇ ಕೂಗು ಆಗಿಬಿಡಲಿ ಮೊದಲು. ಇಪ್ಪತ್ತೊಂದರ ನಡುವೆ ಸೀಟಿ ಬಂದರೆ ನಿನ್ನ ಮೌನ ಎಲ್ಲಿಂದ ತರ್ತೀಯ?